ಸೊಪ್ಪು ಕೊಡುತ್ತೇನೆ, ಕಂಬಳಿ ಕೊಡುವುದಿಲ್ಲ

ನಮ್ಮ ಹಿತ್ತಲ ಬೇಲಿಯ ಉದ್ದಕ್ಕೂ ಆಡುಸೋಗೆ ಇದೆ. ತಮಿಳುನಾಡಿನ ಗಡಿ, ಹೊಸೂರಿನ ಆಚೆ ಸೂಳಗಿರಿಯಿಂದ ಒಳಕ್ಕೆ ನಮ್ಮೂರಿನ ಸುತ್ತಮುತ್ತ ಯಾರಿಗೆ ಕೆಮ್ಮು ಬಂದರೂ ಮೊದಲು ನೆನಪಾಗುವುದು ಆ ಬೇಲಿಯೇ, ಮೆಡಿಕಲ್ ಶಾಪು ಆಮೇಲೆ. ‘ಪಾಪಮ್ಮನ ಮನೆ ಸೊಪ್ಪು’ ಅಂತಲೇ ಅದಕ್ಕೆ ಹೆಸರು. ಪಾಪಮ್ಮ ನನ್ನ ಅತ್ತೆ. ಗಂಡನ ತಾಯಿ ಅಷ್ಟೇ ಅಲ್ಲ, ನಮ್ಮಪ್ಪನ ಒಡಹುಟ್ಟಿದ ಅಕ್ಕ. ಹಾಗಾಗಿ ಮದುವೆಯಾಗಿ ಬಂದಾಗ ನನಗೆ ಅವಳು ಹೊಸಬಳಾಗಿರಲಿಲ್ಲ, ಮಾತು ಕಲಿತಾಗಿನಿಂದ ನೀನು ಅಂತಲೇ ಕರೆದ ಅತ್ತೆ. ಅವಳು ಈಗಿಲ್ಲ. ಜನ ಮಾತ್ರ ಇನ್ನೂ ಬರುತ್ತಾರೆ.

ಬಂದವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಸೊಪ್ಪು ಬೇಕಾದಷ್ಟು ಕಿತ್ತುಕೊಳ್ಳಿ, ಕಂಬಳಿ ಮಾತ್ರ ಕೇಳಬೇಡಿ. ಕೆಲವರಿಗೆ ಮೂಗಿನ ತುದಿಗೆ ಕೋಪ ಬರುತ್ತದೆ. “ನಿಮ್ಮತ್ತೆಗಿದ್ದ ಮನ್ಸು ನಿಂಗಿಲ್ಲ ಬುಡು ವರಾ” ಅಂತ ನನ್ನ ಹೆಸರು ಹಿಡಿದೇ ಅನ್ನುತ್ತಾರೆ. ಅನ್ನಲಿ. ಅವಳಿಗಿದ್ದ ಮನಸ್ಸು ನನಗಿಲ್ಲ ಅನ್ನುವುದು ನಿಜವೇ. ಅದು ಯಾಕಿಲ್ಲ ಅಂತ ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನಾನು ಐದನೇ ಕ್ಲಾಸಿನವರೆಗೆ ಊರಿನ ಕನ್ನಡ ಸ್ಕೂಲಲ್ಲಿ ಓದಿದವಳು, ಆಮೇಲೆಲ್ಲ ತಮಿಳು. ತಪ್ಪಿದ್ದರೆ ಬೈದುಕೊಂಡೇ ಓದಿ.

ಸೊಪ್ಪಿನ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ನನ್ನ ಮಗಳು ದಿವ್ಯ ಎಳೆಗೂಸಾಗಿದ್ದಾಗ ನೆಗಡಿ ಕಟ್ಟಿ ಹಾಲು ಕುಡಿಯಲಾಗದೆ ಅಳುತ್ತಿದ್ದರೆ, ಅತ್ತೆ ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಎದೆಗೆ ಸವರಿ, ತೊಡೆಯ ಮೇಲೆ ಹಾಕಿಕೊಂಡು ತಟ್ಟಿದರೆ ಸಾಕು, ಮಗು ಮಲಗಿಬಿಡುತ್ತಿತ್ತು. ದೊಡ್ಡವರಿಗೆ ಆಡುಸೋಗೆ ಕಷಾಯ. ಎಲೆಯ ನರ ತೆಗೆದು, ಮೆಣಸು, ಹಿಪ್ಪಲಿ, ಒಣಶುಂಠಿ ಜಜ್ಜಿ ಹಾಕಿ, ನೀರು ಬತ್ತುವ ತನಕ ಕುದಿಸಿ, ಕೊನೆಗೆ ಒಂದು ಉಂಡೆ ಬೆಲ್ಲ. ಬೆಲ್ಲ ಹಾಕಿದ್ದು ಬರೀ ನೆಪಕ್ಕೆ, ಕಹಿ ಕಹಿಯೇ. ಆದರೆ ಕುಡಿದ ಸ್ವಲ್ಪ ಹೊತ್ತಿಗೆ ಗಂಟಲು ಸುಮ್ಮನಾಗುತ್ತಿತ್ತು. ಟೊಮ್ಯಾಟೊಗೆ ಔಷಧಿ ಹೊಡೆದು ಬಂದವರ ಕೆಮ್ಮು, ರಾಗಿ ತೂರುವಾಗ ಹತ್ತಿದ ಧೂಳಿನ ಕೆಮ್ಮು, ಎಲ್ಲ ಅದಕ್ಕೆ ಬಗ್ಗುತ್ತಿದ್ದವು. ಕೊರೋನಾ ಕಾಲದಲ್ಲಂತೂ ಬೇಲಿಯಲ್ಲಿ ಎಲೆಯೇ ಉಳಿದಿರಲಿಲ್ಲ.

ಕೆಮ್ಮು ಕಷಾಯಕ್ಕೂ ಬಗ್ಗದಿದ್ದರೆ ಕಂಬಳಿ. ದೊಡ್ಡ ಮಣ್ಣಿನ ಮಡಕೆಯಲ್ಲಿ ನೀಲಗಿರಿ ಎಲೆ, ತುಳಸಿ, ಆಡುಸೋಗೆ ಕುದಿಸಿ, ನಡುಮನೆಯಲ್ಲಿಟ್ಟು, ಕೆಮ್ಮುವವರನ್ನು ಅದರ ಮುಂದೆ ಕೂರಿಸಿ, ಮೇಲೆ ಕರಿ ಕಂಬಳಿ ಹೊದಿಸುವುದು. ಇದು ಎಲ್ಲ ಕಡೆಯೂ ಇದೆ. ನಮ್ಮ ಮನೆಯಲ್ಲಿ ಮಾತ್ರ ಇದ್ದದ್ದು ಇನ್ನೊಂದು ಕಟ್ಟುಪಾಡು. ಹಬೆಗೆ ಯಾರನ್ನೂ ಒಂಟಿಯಾಗಿ ಕೂರಿಸಬಾರದು. ಅತ್ತೆಯ ತಂಗಿ, ಅಂದರೆ ನನ್ನ ಚಿಕ್ಕತ್ತೆ, ಬಾಣಂತಿಯಾಗಿದ್ದಾಗ ಒಬ್ಬಳೇ ಹಬೆಗೆ ಕೂತು ತಲೆ ಸುತ್ತಿ ಕುದಿಯುವ ಮಡಕೆಯ ಮೇಲೆ ಬಿದ್ದಳಂತೆ. ಉಳಿಯಲಿಲ್ಲ. ಅವತ್ತಿನಿಂದ ಅತ್ತೆ, ಯಾರೇ ಬರಲಿ, ತಾನೂ ಅವರ ಜೊತೆ ಕಂಬಳಿಯೊಳಗೆ ಕೂರುತ್ತಿದ್ದಳು. ಒಂದು ಕೈ ಮಡಕೆಯ ಮುಚ್ಚಳದ ಮೇಲೆ, ಇನ್ನೊಂದು ಕೈ ಅವರ ಕತ್ತಿನ ಹಿಂದೆ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ. “ಕೆಮ್ಮು, ಕೆಮ್ಮು, ಒಳ್ಗಿರಾದೆಲ್ಲಾ ಆಚಿಗ್ ಬರ್ಲಿ” ಅನ್ನುತ್ತಿದ್ದಳು. ಊರಿನ ಅರ್ಧ ಜನ ಆ ಕಂಬಳಿಯೊಳಗೆ ಅವಳ ಮುಖಕ್ಕೆ ಕೆಮ್ಮಿ ಎದ್ದು ಹೋದವರೇ.

ನನ್ನ ಕೆಮ್ಮು ಶುರುವಾದದ್ದು ಗುಲಾಬಿ ಶೆಡ್ಡಿನಲ್ಲಿ ಕೆಲಸ ಮಾಡುವಾಗ. ನಮ್ಮ ಕಡೆ ಪ್ಲಾಸ್ಟಿಕ್ ಹೊದಿಸಿದ ಶೆಡ್ಡುಗಳಲ್ಲಿ ಗುಲಾಬಿ ಬೆಳೆದು ಊರೂರಿಗೆ ಕಳಿಸುತ್ತಾರೆ. ನಾನಿದ್ದದ್ದು ಪ್ಯಾಕಿಂಗಿನಲ್ಲಿ. ಹೂವು ಬಾಡದಂತೆ ಇಡುವ ಕೋಲ್ಡ್ ರೂಮಿನ ಒಳಗೆ ಹೋಗಿ ಹೊರಗೆ ಬರುವುದೇ ಕೆಲಸ. ಹಾಗಾಗಿ ಕೆಮ್ಮು ಬಂದಾಗ ಯಾರಿಗೂ ಅನುಮಾನವಿಲ್ಲ. “ಐಸ್‌ಪೆಟ್ಟಿಗೇಲಿ ಇದ್ದೋಳ್ಗೆ ಕೆಮ್ಮು ಬರ್ದೆ ಇನ್ನೇನ್ ಬತ್ತದೆ?” ಅಂತ ಅತ್ತೆ ನಕ್ಕಳು. ನಾನೂ ನಕ್ಕೆ. ತಿಂಗಳಾದರೂ ಹೋಗಲಿಲ್ಲ. ಶೆಡ್ಡಿನ ವ್ಯಾನಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಿಂದಿನ ಸೀಟಿಗೆ ಹೋದರು. ಕೊರೋನಾ ಆದಮೇಲೆ ಕೆಮ್ಮುವವರ ಪಕ್ಕ ಯಾರು ಕೂರುತ್ತಾರೆ? ಕೊನೆಗೆ ಸೂಪರ್‌ವೈಸರ್, ಕೆಮ್ಮು ನಿಂತಮೇಲೆ ಬಾಮ್ಮ ಅಂದ. ಮರ್ಯಾದೆಯಾಗಿಯೇ ಅಂದ, ಆದರೂ ಅಳು ಬಂತು.

ಮನೆಯಲ್ಲಿ ಕೂತೆ. ಕಷಾಯ ಕುಡಿದೆ. ಕುಡಿದ ಮೇಲೆ ಎರಡು ದಿನ ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಆ ಎರಡು ದಿನದ ಆಸೆಯೇ ನಮ್ಮನ್ನು ಮುಳುಗಿಸಿದ್ದು. ಒಂದು ಸಲವೂ ಕಡಿಮೆಯಾಗದಿದ್ದರೆ ಬೇಗ ಆಸ್ಪತ್ರೆಗೆ ಹೋಗುತ್ತಿದ್ದೆವೋ ಏನೋ. ಕಂಬಳಿಯೂ ಶುರುವಾಯಿತು. ಅತ್ತೆ ಒಳಗೆ ನನ್ನ ಎದುರು. ದಿವ್ಯ ಹೊರಗೆ ಸುತ್ತಲೂ ಓಡಾಡಿ, ಹಬೆ ಆಚೆ ಹೋಗದಂತೆ ಕಂಬಳಿಯ ಅಂಚನ್ನು ನೆಲಕ್ಕೆ ಒತ್ತಿ ಒತ್ತಿ ಸಿಕ್ಕಿಸುತ್ತಿದ್ದಳು. ಅದು ಅವಳಿಗೆ ಆಟ. “ಅಜ್ಜಿ, ಈ ಕಡೆಯಿಂದ ಹೊಗೆ ಬತ್ತೈತೆ” ಅಂತ ಕೂಗಿ ಅಲ್ಲೊಂದು ದಿಂಬು ಒತ್ತುತ್ತಿದ್ದಳು. ಒಳಗೆ ಕತ್ತಲು, ಬಿಸಿ, ನೀಲಗಿರಿಯ ಘಾಟು. ಅತ್ತೆಯ ಬೆವರು ನನ್ನ ಹಣೆಗೆ ಅಂಟುತ್ತಿತ್ತು. ಕೆಮ್ಮಿ ಕೆಮ್ಮಿ ಸುಸ್ತಾದಾಗ ಅವಳ ಭುಜಕ್ಕೆ ಒರಗುತ್ತಿದ್ದೆ. ಹೇಳಬಾರದು, ಆದರೂ ಹೇಳುತ್ತೇನೆ: ಆ ದಿನಗಳಲ್ಲಿ ನನಗೆ ಸುಖ ಅಂತ ಸಿಕ್ಕ ಜಾಗ ಅದೊಂದೇ.

ಬಳೆ ಮೊಣಕೈವರೆಗೆ ಜಾರತೊಡಗಿತು. ಸಾಯಂಕಾಲವಾದರೆ ಮೈ ಬೆಚ್ಚಗಾಗುತ್ತಿತ್ತು. ಒಂದು ದಿನ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಉಗಿದದ್ದು ಕೆಂಪಗಿತ್ತು. ನಾನು ನೀರು ಹಾಕಿ ತೊಳೆಯುವಷ್ಟರಲ್ಲಿ ಅತ್ತೆ ನೋಡಿಬಿಟ್ಟಳು. ತಾನೇ ಇನ್ನೊಂದು ಚೊಂಬು ನೀರು ಸುರಿದಳು. ಆಮೇಲೆ, “ಉಷ್ಣ ಕಣೆ. ಹಿಪ್ಪಲಿ ಜಾಸ್ತಿ ಬಿತ್ತು. ನಾಳೆಯಿಂದ ಕಮ್ಮಿ ಮಾಡ್ತೀನಿ” ಅಂದಳು. ನಾನು ಹೂಂ ಅಂದೆ. ನನ್ನ ಗಂಡ ಮುನಿರಾಜು ಮಾತ್ರ ಹೂಂ ಅನ್ನಲಿಲ್ಲ. ಅವನು ಅಮ್ಮನ ಮಾತಿಗೆ ಎದುರಾಡಿದವನಲ್ಲ. ಅವತ್ತೂ ಎದುರಾಡಲಿಲ್ಲ, ಸುಮ್ಮನೆ ಗಾಡಿಯ ಕೀ ತೆಗೆದುಕೊಂಡು ಬಂದು ನನ್ನ ಮುಂದೆ ನಿಂತ.

ಹೊಸೂರಿನ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು, ನೋಡಿದ ಡಾಕ್ಟರು ಬಾಯಿಗೆ ಮಾಸ್ಕು ಏರಿಸಿಕೊಂಡು, ಸರ್ಕಾರಿ ಆಸ್ಪತ್ರೆಗೆ ಹೋಗಿ ಅಂದರು. ಅವರು ಮಾಸ್ಕು ಏರಿಸಿಕೊಂಡಾಗಲೇ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಮ್ಮುವವರಿಗೆ ಬೇರೆ ಜಾಗ, ಹೊರಗೆ ಶೀಟು ಹೊದಿಸಿದ ಕಡೆ ಬೆಂಚುಗಳು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮಾತಾಡುವವರಿದ್ದರು. ಕೆಮ್ಮು ಮಾತ್ರ ಎಲ್ಲರದೂ ಒಂದೇ ಥರ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನ್ನ ಪಕ್ಕದ ಮುದುಕರೊಬ್ಬರು ತಮ್ಮ ಚೀಲದಿಂದ ನೆಲಗಡಲೆ ತೆಗೆದು ನನ್ನ ಕೈಗೆ ಒಂದು ಹಿಡಿ ಹಾಕಿದರು. ತಿನ್ನಲಾಗಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತೆ. ವ್ಯಾನಿನಲ್ಲಿ ಎದ್ದುಹೋದವರನ್ನೇ ನೋಡಿದ್ದವಳಿಗೆ ಆ ಒಂದು ಹಿಡಿ ಕಡಲೆ ದೊಡ್ಡದಾಗಿತ್ತು.

ಅಲ್ಲಿ ಟಿ.ಬಿ. ಕೆಲಸ ನೋಡಿಕೊಳ್ಳುವ ಸೆಲ್ವಿ ಅಕ್ಕ ಅನ್ನುವವರು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. “ಎಚ್ಚಿಲ್ ವೇಣಾಮ್ಮಾ, ಸಳಿ ವೇಣುಂ” ಅಂದರು. ಎಂಜಲು ಬೇಡ, ಎದೆಯಾಳದ ಕಫ ಬೇಕು. ಕಟ್ಟಡದ ಹಿಂದೆ ಕಾಂಪೌಂಡಿನ ಹತ್ತಿರ ಬಯಲಿಗೆ ಹೋಗಿ, ಸೆರಗು ಮುಚ್ಚಿಕೊಂಡು, ಯಾರಾದರೂ ನೋಡುತ್ತಾರೇನೋ ಅಂತ ತಿರುಗಿ ತಿರುಗಿ ನೋಡುತ್ತಾ ಕೆಮ್ಮಿದೆ. ಮನುಷ್ಯರಿಗೆ ನಾಚಿಕೆ ಪಡಲಿಕ್ಕೆ ಏನೇನೆಲ್ಲ ಇದೆ! ರಿಪೋರ್ಟು ಬಂದ ದಿನ ಸೆಲ್ವಿ ಅಕ್ಕ ನನ್ನ ಕೈ ಹಿಡಿದುಕೊಂಡು, ಟಿ.ಬಿ. ಇದೆ, ಭಯ ಬೇಡ, ಆರು ತಿಂಗಳು ಮಾತ್ರೆ, ತಪ್ಪಿಸಬಾರದು ಅಂದರು. ವಾಪಸು ಬರುವಾಗ ಗಂಡ ಗಾಡಿ ಓಡಿಸಲಾರೆ ಅಂದ, ಅಲ್ಲೇ ಬಿಟ್ಟು ಬಸ್ ಹತ್ತಿದೆವು. ಬಸ್ಸು ಖಾಲಿ ಇತ್ತು. ಬೇಕಾದಷ್ಟು ಸೀಟುಗಳಿದ್ದರೂ ಅವನು ಬಂದು ನನ್ನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ಕೂತ. ಮಾತು ಬಾರದ ಗಂಡ ಅಂತ ಎಷ್ಟೋ ಸಲ ಬೈದಿದ್ದೇನೆ. ಅವತ್ತಿನಿಂದ ಬೈದಿಲ್ಲ.

ಮನೆಯಲ್ಲಿ ಅತ್ತೆಗೆ ಹೇಳಿದಾಗ ಅವಳು ಮೊದಲು ನಂಬಲೇ ಇಲ್ಲ. “ನನ್ ಸೊಪ್ಪಿಗೆ ಬಗ್ಗದ್ ಕೆಮ್ಮು ಯಾವ್ದೇ ಅದು?” ಅಂತ ರೇಗಿದಳು. ಆ ರೇಗಾಟದ ಹಿಂದೆ ಹೆದರಿಕೆ ಇತ್ತು. ನಮ್ಮ ಕಡೆ ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವವರಿಲ್ಲ. ಮನೆಗೆ ಒಂದು ಸಲ ಬಂತು ಅಂದರೆ ಮುಂದೆ ಹೆಣ್ಣು ಕೇಳುವವರು, ಹೆಣ್ಣು ಕೊಡುವವರು ಇಬ್ಬರೂ ಹಿಂದೆಗೆಯುತ್ತಾರೆ. ನಾನು ನನ್ನ ತಟ್ಟೆ, ಲೋಟ ಬೇರೆ ಎತ್ತಿಟ್ಟುಕೊಂಡು ಜಗುಲಿಯಲ್ಲಿ ಹಾಸಿಗೆ ಹಾಕಿಕೊಂಡೆ. ಅತ್ತೆ ತಟ್ಟೆಯನ್ನು ಕಿತ್ತುಕೊಂಡು ಒಳಗಿಟ್ಟಳು. “ನನ್ ತಮ್ಮನ್ ಮಗ್ಳು ನೀನು. ನಿಂಗೆ ಬ್ಯಾರೆ ತಟ್ಟೆ ಇಕ್ಕಿದ್ರೆ ಅವ್ನು ಮ್ಯಾಲಿಂದ ನೋಡ್ತಾನೆ” ಅಂದಳು. ಅಪ್ಪ ಹೋಗಿ ಬಹಳ ವರ್ಷವಾಗಿತ್ತು.

ಮಾತ್ರೆ ಶುರುವಾಯಿತು. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳಸುತ್ತಿತ್ತು. ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಸೆಲ್ವಿ ಅಕ್ಕ ಮೊದಲೇ ಹೇಳಿದ್ದರೂ ನೋಡಿದಾಗ ಜೀವ ಬಾಯಿಗೆ ಬಂದಿತ್ತು. ಕೀಲುಕೀಲು ನೋವು. ನುಂಗಿದ್ದನ್ನು ವಾಂತಿ ಮಾಡಿಕೊಂಡರೆ ದಂಡವಾಯಿತಲ್ಲ ಅಂತ ಹಲ್ಲು ಕಚ್ಚಿ ಕೂರುತ್ತಿದ್ದೆ. ಅತ್ತೆ ಪಕ್ಕದಲ್ಲೇ ಕೂತು ಬೆನ್ನು ನೀವುತ್ತಿದ್ದಳು. ಮಾತ್ರೆಯನ್ನು ಬೈಯುತ್ತಲೇ, ನಾನದನ್ನು ನುಂಗಿದೆನೋ ಇಲ್ಲವೋ ಅಂತ ಬಾಯಿ ತೆಗೆಸಿ ನೋಡುತ್ತಿದ್ದಳು.

ಕೆಲವು ದಿನಕ್ಕೆ ಸೆಲ್ವಿ ಅಕ್ಕ ಸ್ಕೂಟಿಯಲ್ಲಿ ನಮ್ಮ ಮನೆಗೇ ಬಂದರು. ಕೆಮ್ಮುವವರ ಹತ್ತಿರ ಇದ್ದವರನ್ನೆಲ್ಲ ಪರೀಕ್ಷೆ ಮಾಡಬೇಕಂತೆ. ಹತ್ತಿರ ಯಾರು ಇರುತ್ತೀರಿ ಅಂತ ಕೇಳಿದರು. ನಾನು ಜಗುಲಿಯಲ್ಲಿ ಮಲಗುವುದು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಎಲ್ಲ ಜಂಬದಿಂದ ಹೇಳಿದೆ. ಆಗ ದಿವ್ಯ, ತಮಿಳು ಸ್ಕೂಲಿಗೆ ಹೋಗುವವಳು, ಅವರ ಮಾತಿನಲ್ಲೇ ಥಟ್ಟನೆ, ಅಜ್ಜಿ ಅಮ್ಮನ ಜೊತೆ ಕಂಬಳಿಯೊಳಗೆ ಕೂರುತ್ತಾರೆ ಅಂದಳು. ಸೆಲ್ವಿ ಅಕ್ಕನಿಗೆ ಅರ್ಥವಾಗಲಿಲ್ಲ. ಮಗು ಒಳಗೆ ಹೋಗಿ ಕಂಬಳಿ ತಂದು ಹೊದ್ದು ತೋರಿಸಿತು. ಅಂಚು ಹೇಗೆ ಸಿಕ್ಕಿಸುತ್ತೇನೆ ಅಂತಲೂ ತೋರಿಸಿತು. ಸೆಲ್ವಿ ಅಕ್ಕ ಅದನ್ನು ನೋಡುತ್ತಾ ನೋಡುತ್ತಾ ಕುರ್ಚಿಯಿಂದ ಎದ್ದು ನಿಂತರು.

ಈ ಕಾಯಿಲೆ ತಟ್ಟೆಯಿಂದ, ಬಟ್ಟೆಯಿಂದ ಬರುವುದಲ್ಲ, ಮುಚ್ಚಿದ ಜಾಗದಲ್ಲಿ ಗಾಳಿಯಿಂದ ಬರುವುದು ಅಂತ ಅವರು ಆಮೇಲೆ ಹೇಳಿದರು. ನಾನು ತಟ್ಟೆ ಬೇರೆ ಮಾಡಿದ್ದೆ. ಕಂಬಳಿ ಬೇರೆ ಮಾಡಿರಲಿಲ್ಲ.

ದಿವ್ಯಳಿಗೆ ಕಾಯಿಲೆ ಇಲ್ಲ ಅಂತಾಯಿತು, ಮುಂದೆಯೂ ಬರದಿರಲಿ ಅಂತ ಮಾತ್ರೆ ಕೊಟ್ಟರು. ಗಂಡನಿಗೂ ಇಲ್ಲ. ಅತ್ತೆಯದು ಮಾತ್ರ ಒಂದು ದೊಡ್ಡ ಪ್ರಹಸನ. ಎಕ್ಸ್‌ರೇಗೆ ಹೊಸೂರಿಗೆ ಬರುವುದಿಲ್ಲ ಅಂತ ಹಟ ಹಿಡಿದಳು. “ಮೂಳೆ ಮುರ್ದೋರ್ಗೆ ಅದು. ನಂಗೇನ್ ಮುರ್ದೈತೆ?” ಮುನಿರಾಜು ಬೇಡಿಕೊಂಡ. “ಓಗ್ಲಾ, ಹೆಂಡ್ತೀನ್ ನೋಡ್ಕ ಓಗ್” ಅಂದಳು. ಕೊನೆಗೆ ಕಫ ಮಾತ್ರ ಕೊಡಲು ಒಪ್ಪಿದಳು. ಸೆಲ್ವಿ ಅಕ್ಕ ಡಬ್ಬಿ ತೆಗೆದುಕೊಂಡು ಬರುವ ದಿನ ಬೆಳಿಗ್ಗೆ ಅವಳು ಹಿತ್ತಲಿಗೆ ಹೋಗಿ ಎಲೆ ಕಿತ್ತು, ಕಷಾಯ ಕಾಯಿಸಿ, ದೊಡ್ಡ ಲೋಟದಲ್ಲಿ ಕುಡಿದದ್ದನ್ನು ನಾನು ನೋಡಿದೆ. ಸರ್ಕಾರದವರ ಮುಂದೆ ಕೆಮ್ಮು ಬರಬಾರದು ಅಂತ. ಊರಿಗೆಲ್ಲ ಕೆಮ್ಮಿನ ಮದ್ದು ಕೊಡುವವಳು ತಾನೇ ಕೆಮ್ಮಿದರೆ ಮರ್ಯಾದೆ ಏನಾಗಬೇಕು? ಅವಳು ಡಬ್ಬಿಗೆ ಉಗಿದು, ಎತ್ತಿ ಹಿಡಿದು, “ನೋಡು, ಬಾವಿ ನೀರಂಗೈತೆ” ಅಂದಳು. ಅದು ಬರೀ ಎಂಜಲು. ಸೆಲ್ವಿ ಅಕ್ಕ ಇನ್ನೊಂದು ಸಲ ಕೆಮ್ಮಿ ಕೊಡಿ ಅಂದರೂ ಬರಲಿಲ್ಲ. ಸೊಪ್ಪು ತನ್ನ ಕೆಲಸ ಮಾಡಿತ್ತು.

ಏನೂ ಇಲ್ಲ ಅಂತ ರಿಪೋರ್ಟು ಬಂತು. ಈ ಡಬ್ಬಿ ಲೆಕ್ಕಕ್ಕಿಲ್ಲ, ಎಕ್ಸ್‌ರೇ ತೆಗೆಸಲೇಬೇಕು ಅಂತ ಸೆಲ್ವಿ ಅಕ್ಕ ಫೋನಿನ ಮೇಲೆ ಫೋನು ಮಾಡಿದರು. ಅತ್ತೆಯದು ಒಂದೇ ಮಾತು: ಇಲ್ಲ ಅಂದಮೇಲೆ ಇಲ್ಲ. ನನಗೂ ಅದನ್ನೇ ನಂಬುವ ಆಸೆ. ನನ್ನಿಂದ ಅವಳಿಗೆ ಬಂದಿಲ್ಲ ಅಂತ ದೇವರ ಮುಂದೆ ಕಾಯಿ ಒಡೆದೆ.

ನಾನು ಗೆಲುವಾಗುತ್ತಾ ಬಂದೆ. ಹಸಿವು ಬಂತು. ಬಳೆ ಜಾರುವುದು ನಿಂತಿತು. ಮೊದಲ ಸಲ ಒಂದು ಇಡೀ ಮುದ್ದೆ ಉಂಡ ದಿನ ಮುನಿರಾಜು ನನ್ನ ತಟ್ಟೆಯನ್ನೇ ನೋಡುತ್ತಾ ಕೂತಿದ್ದ. ಎಲ್ಲರ ಕಣ್ಣೂ ನನ್ನ ಮೇಲೆ. ಅತ್ತೆಯ ಕಡೆ ನೋಡುವವರಿರಲಿಲ್ಲ. ಈಗ ಹಿಂತಿರುಗಿ ಯೋಚಿಸಿದರೆ ಎಲ್ಲ ಕಾಣುತ್ತದೆ. ಹಬೆಗೆ ಅಂತ ಬಂದವರನ್ನು ಅವಳು ವಾಪಸು ಕಳಿಸತೊಡಗಿದ್ದಳು. “ಮಂಡಿ ನೋವು, ಬಗ್ಗಕಾಗಕಿಲ್ಲ. ಕಸಾಯ ಕುಡೀರಿ ಸಾಕು” ಅನ್ನುತ್ತಿದ್ದಳು. ಮಂಡಿ ನೋವಿನವಳು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಸಗಣಿ ತಟ್ಟುವುದನ್ನು ನಾನೇ ನೋಡಿದ್ದೆ. ಸೀಮೆಹಸು ಈಯುವ ದಿನ ಹತ್ತಿರ ಬಂತು ಅಂತ ಕೊಟ್ಟಿಗೆಯಲ್ಲಿ ಹಾಸಿಗೆ ಹಾಕಿಕೊಂಡಳು. ಹಸು ಈದು, ಕರು ಹುಲ್ಲು ಕಚ್ಚುವಂತಾದರೂ ಒಳಗೆ ಬರಲಿಲ್ಲ. ಮೊಮ್ಮಗಳು ಹತ್ತಿರ ಹೋದರೆ, “ಓಗೇ ಅತ್ಲಾಗೆ, ಸೆಗಣಿ ವಾಸ್ನೆ” ಅಂತ ಗದರುತ್ತಿದ್ದಳು. ದಿವ್ಯ, ಅಜ್ಜಿಗೆ ನನ್ನ ಮೇಲೆ ಕೋಪ ಅಂತ ನನ್ನ ಹತ್ತಿರ ಅತ್ತಳು. ನಾನು ಅತ್ತೆಯನ್ನು ಬೈದೆ. ಬೈಸಿಕೊಂಡಳು.

ಕೆಮ್ಮು ಕೇಳಿಸುತ್ತಲೇ ಇರಲಿಲ್ಲ. ಬೆಳಿಗ್ಗೆ ಸಂಜೆ ಕಷಾಯ, ಮಧ್ಯೆ ದವಡೆಯಲ್ಲಿ ಒಂದು ಎಲೆ. ಬೇಲಿ ಕೆಳಗಿನಿಂದ ಬೋಳಾಗುತ್ತಾ ಬಂದಿತ್ತು. ಊರಿನವರು ಕಿತ್ತುಕೊಂಡು ಹೋಗುತ್ತಿದ್ದಾರೆ ಅಂದುಕೊಂಡಿದ್ದೆ.

ನನ್ನ ಮಾತ್ರೆ ಮುಗಿಯುವ ಹೊತ್ತಿಗೆ ಅತ್ತೆ ಬೇಲಿಯ ಹತ್ತಿರ ಕುಸಿದು ಬಿದ್ದಳು. ಮುನಿರಾಜು ಅವಳನ್ನು ಎತ್ತಿಕೊಂಡವನು, ಅಮ್ಮ ಇಷ್ಟು ಹಗುರವಾ ಅಂತ ನನ್ನ ಮುಖ ನೋಡಿದ. ಹದಿನಾರು ಮೊಳದ ಸೀರೆಯನ್ನು ಸುತ್ತಿ ಸುತ್ತಿ ಉಟ್ಟುಕೊಂಡು ಅವಳು ಆ ಮೈಯನ್ನು ನಮ್ಮಿಂದ ಮುಚ್ಚಿಟ್ಟಿದ್ದಳು. ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಕಡೆ ಬೆಳ್ಳಗೆ, ಮೋಡ ಕವಿದ ಹಾಗಿತ್ತು. ಎಷ್ಟು ದಿನದಿಂದ ಕೆಮ್ಮು ಅಂತ ಕೇಳಿದರೆ ಅತ್ತೆ, “ಇವಾಗ್ಲೇಯ” ಅಂದಳು.

ಮಾತ್ರೆ ಶುರು ಮಾಡಿದರು. ನನ್ನ ಮೈಗೆ ಒಗ್ಗಿದ್ದು ಅವಳ ಮೈಗೆ ಒಗ್ಗಲಿಲ್ಲ. ಕಣ್ಣು ಹಳದಿಯಾಯಿತು. ನಿಲ್ಲಿಸಿದರು. ಕಾದರು. ಒಂದೊಂದೇ ಮತ್ತೆ ಶುರು ಮಾಡಿದರು. ನಾನು ದಿನಾ ಮಾಸ್ಕು ಹಾಕಿಕೊಂಡು ಕಿಟಕಿಯ ಪಕ್ಕದ ಅವಳ ಮಂಚದ ಹತ್ತಿರ ಕೂರುತ್ತಿದ್ದೆ. ನಾನು ಯಾವ ಮಾತ್ರೆಯಿಂದ ಬದುಕಿದ್ದೆನೋ ಅದೇ ಮಾತ್ರೆಯನ್ನು ಅವಳ ಬಾಯಿಗೆ ಹಾಕಿ, ನುಂಗಿದಳೋ ಇಲ್ಲವೋ ಅಂತ ಬಾಯಿ ತೆಗೆಸಿ ನೋಡುತ್ತಿದ್ದೆ. ಒಂದು ದಿನ ಬೇಲಿಯಿಂದ ನಾಲ್ಕು ಎಲೆ ಕಿತ್ತುಕೊಂಡು ಹೋದೆ. ಕುಡಿಸಲಿಕ್ಕಲ್ಲ, ಸುಮ್ಮನೆ. ಅವಳು ಅಂಗೈಯಲ್ಲಿ ಉಜ್ಜಿ ಮೂಸಿದಳು. “ಎಲೆ ಬಲ್ತೋಗೈತೆ. ಎಳೇದ್ ಕೀಳ್ಬೇಕು ಕಣೆ” ಅಂದಳು.

ಆಮೇಲೆ ನನ್ನ ಕಡೆ ತಿರುಗಿದಳು. ಮಧ್ಯಾಹ್ನದ ಹೊತ್ತು, ವಾರ್ಡಿನಲ್ಲಿ ಎಲ್ಲರೂ ಊಟಕ್ಕೆ ಎದ್ದಿದ್ದರು.

“ವರಾ, ಇದು ನಂಗೆ ಮೊದ್ಲೇ ಇತ್ತು.”

“ಸುಮ್ಕಿರತ್ತೆ.”

“ನಿಂಗ್ ಬರಾಕ್ ಮುಂಚೇನೇ ಇತ್ತು. ಊರೋರ್ದೆಲ್ಲಾ ಮಕಕ್ ಕೆಮ್ಮುಸ್ಕೊಂಡಿದೀನಿ, ಯಾರ್ದೋ ಹತ್ತಿರ್ತದೆ. ಸೊಪ್ಪು ಅಮ್ಕಿತ್ತು ಅಷ್ಟೇಯ. ನಾನೇ ಕಣೆ ನಿಂಗ್ ಕೊಟ್ಟಿದ್ದು. ಕಂಬ್ಳಿ ಒಳ್ಗೆ.”

“ಸುಳ್ಳು ಹೇಳ್ಬ್ಯಾಡ.”

“ಸುಳ್ಳೋ ದಿಟ್ವೋ, ದಿವ್ಯ ಕೇಳುದ್ರೆ ಅಂಗೇ ಹೇಳು. ಅಜ್ಜಿಯಿಂದ ಬಂತು ಅನ್ನು. ಓಗೋಳ್ ಮ್ಯಾಲೆ ಹಾಕುದ್ರೆ ಯಾರ್ಗೂ ಭಾರ ಇಲ್ಲ.”

ಹೂಂ ಅಂದಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು. ಅನ್ನಲಾಗಲಿಲ್ಲ. ಕತ್ತಿನ ಹಿಂದೆ ಕೈಯಿಟ್ಟು ನೀರು ಕುಡಿಸಿದೆ. ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ಹೆಣ ಮನೆಗೆ ಬಂದಾಗ ಊರಿನವರು ಬಂದರು, ಬಂದು ರಸ್ತೆಯಲ್ಲೇ ನಿಂತರು. ಅವಳ ಕಂಬಳಿಯೊಳಗೆ ಕೂತು ಬೆವರಿ, ಕೆಮ್ಮಿ, ಹಗುರಾಗಿ ಎದ್ದುಹೋದವರು ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ. ಮೈ ತೊಳೆಯಲು ಯಾರೂ ಬರಲಿಲ್ಲ. ನಾನೊಬ್ಬಳೇ ತೊಳೆದೆ. ಮುನಿರಾಜು ಗೋಡೆಯ ಕಡೆ ಮುಖ ಮಾಡಿ ಬಿಂದಿಗೆಯಿಂದ ನೀರು ಹುಯ್ದ. ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಆ ಸಿಟ್ಟು ಆರಿಲ್ಲ. ಅದೇ ಜನ ಈಗ ಬಂದು ಕಂಬಳಿ ಕೇಳುತ್ತಾರೆ, ಅತ್ತೆಗಿದ್ದ ಮನಸ್ಸು ನಿನಗಿಲ್ಲ ಅನ್ನುತ್ತಾರೆ.

ಆದರೂ ಬೇಲಿಯ ಹತ್ತಿರ ಯಾರೇ ಬಂದು ನಿಂತರೂ ನಾನು ಕೇಳುತ್ತೇನೆ: ಎಷ್ಟು ದಿನದಿಂದ? ಸಂಜೆ ಮೈ ಬೆಚ್ಚಗಾಗುತ್ತದಾ? ಬಳೆ ಸಡಿಲವಾಯಿತಾ? ಎರಡು ವಾರ ದಾಟಿದೆ ಅಂದರೆ, ಸೊಪ್ಪಿನ ಜೊತೆ ಸೆಲ್ವಿ ಅಕ್ಕನ ಫೋನ್ ನಂಬರನ್ನೂ ಕೊಡುತ್ತೇನೆ. ಒಬ್ಬರೇ ಹೋಗಲು ನಾಚಿಕೆ ಅನ್ನುವ ಹೆಂಗಸರ ಜೊತೆ ಬಸ್ ಹತ್ತಿ ಹೋಗಿದ್ದೇನೆ. ಕಾಂಪೌಂಡಿನ ಹತ್ತಿರ ಬಯಲಲ್ಲಿ ಡಬ್ಬಿ ಹಿಡಿದುಕೊಂಡು ಅವರು ಒದ್ದಾಡುವಾಗ ದೂರದಲ್ಲಿ ನಿಂತು ನಾನು ಹೇಳುವುದೂ ಅತ್ತೆಯ ಮಾತನ್ನೇ: ಕೆಮ್ಮು, ಕೆಮ್ಮು, ಒಳಗಿರೋದೆಲ್ಲಾ ಆಚೆಗೆ ಬರಲಿ. ಮಾತು ಸರಿಯಾಗಿಯೇ ಇತ್ತು. ಹೇಳಬೇಕಾದದ್ದು ಬಯಲಲ್ಲಿ.

ಇದನ್ನು ಓದುತ್ತಿರುವ ನಿಮಗೂ ಆ ಕಾಯಿಲೆ ಬಂದಿದ್ದರೆ, ಮಾತ್ರೆಯಿಂದ ಹೊಟ್ಟೆ ತೊಳಸುವುದು ನಿಲ್ಲುತ್ತದೆ, ಹಸಿವು ಬಂದೇ ಬರುತ್ತದೆ. ಅದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಯಾರಿಂದ ಬಂತು, ಯಾರಿಗೆ ಕೊಟ್ಟೆ ಅನ್ನುವ ಯೋಚನೆ ನಿಲ್ಲುತ್ತದೆ ಅಂತ ಹೇಳಲಾರೆ. ಡಾಕ್ಟರಮ್ಮನನ್ನು ಎರಡು ಸಲ ಕೇಳಿದೆ. ಅದನ್ನು ಈಗ ಯಾರೂ ಹೇಳಲಾರರು, ಕೇಳಿಕೊಂಡು ಏನು ಮಾಡುತ್ತೀರಿ ಅಂದರು.

ಕಂಬಳಿಯನ್ನು ಸುಡಬೇಕು ಅಂತ ನಮ್ಮ ಕಡೆಯವರು ಹೇಳಿದರು. ಸೆಲ್ವಿ ಅಕ್ಕ, ಕಂಬಳಿಯದೇನೂ ತಪ್ಪಿಲ್ಲ, ಬಿಸಿಲಿಗೆ ಹಾಕಿ ಸಾಕು ಅಂದರು. ಮೊನ್ನೆ ಹಿತ್ತಲ ತಂತಿಯ ಮೇಲೆ ಹರವುತ್ತಿದ್ದೆ. ದಿವ್ಯ ಸ್ಕೂಲಿಂದ ಬಂದವಳು ಇನ್ನೊಂದು ತುದಿ ಹಿಡಿದುಕೊಂಡಳು. ಈಗ ನನ್ನಷ್ಟೇ ಎತ್ತರ ಬೆಳೆದಿದ್ದಾಳೆ. ಅಂಚನ್ನು ಬೆರಳಲ್ಲಿ ಸವರುತ್ತಾ, ನನ್ನ ಮುಖ ನೋಡದೆ ಕೇಳಿದಳು.

“ಅಮ್ಮಾ, ಅಜ್ಜಿಗೆ ನಿನ್ನಿಂದ ಬಂತಾ?”

ಅತ್ತೆ ಹೇಳಿಕೊಟ್ಟ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ಮಗಳು ನಂಬುತ್ತಿದ್ದಳು, ನನಗೂ ಹಗುರಾಗುತ್ತಿತ್ತು. ಅತ್ತೆಯ ಆಸೆಯೂ ಅದೇ ಆಗಿತ್ತು.

“ಗೊತ್ತಿಲ್ಲ ಮಗಾ” ಅಂದೆ. “ಇಬ್ರೂ ಒಂದೇ ಕಂಬ್ಳೀಲಿದ್ವಿ.”